ಕೊಪ್ಪರಿಗೆ ಗುಡ್ಡದ ಇಳಿಜಾರು

ಮಾಳವಿಕಾ ಆ ಮೆಸೇಜನ್ನು ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಧೈರ್ಯ ಮಾಡಿ ಸೈಕಲ್ ಗ್ರೂಪಿಗೆ ಹಾಕಿದ್ದಳು. "ಕೊಡಗಿನಲ್ಲಿ ನಾವು ಗೆಳತಿಯರು ಹೋಗುವ ಒಂದು ದಿನದ ಟ್ರಿಪ್ಪಿಗೆ ಕಡಿದಾದ ಡೌನ್‌ಹಿಲ್ ಟ್ರೇಲ್ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ."

ಸೋಮವಾರಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನಿರಂಜನ್ ಎಂಬಾತನಿಂದ ಉತ್ತರ ಬಂತು. "ಕೊಪ್ಪರಿಗೆ ಗುಡ್ಡ ಇದೆ. ಬೇಡ."

ಮಡಿಕೇರಿಯ ಕಾಲೇಜು ಆಫೀಸಿನಲ್ಲಿ ಕೂತು ಅವಳು ಆ ಉತ್ತರವನ್ನು ಇಡೀ ಮಧ್ಯಾಹ್ನ ತಿರುಗಿಸಿ ಮುರುಗಿಸಿ ನೋಡಿದಳು. ಸಂಜೆಗೆ ತಡೆಯಲಾರದೆ ಫೋನೇ ಮಾಡಿಬಿಟ್ಟಳು.

"ಹೆಂಗಸರ ಟ್ರಿಪ್ ಅಂತ ಬೇಡ ಅಂದ್ರಾ?"

"ಅಯ್ಯೋ, ಎಂತ ಮೇಡಂ! ಆ ಗುಡ್ಡ ಇಳಿಯೋಕೆ ನಾನೇ ಎರಡು ಸಲ ಯೋಚ್ನೆ ಮಾಡ್ತೀನಿ. ಬೇರೆ ಜಾಗ ತೋರಿಸ್ತೀನಿ, ಭಾನುವಾರ ಬನ್ನಿ." ಆ ಕಡೆಯಿಂದ ಒಂದು ನಗು. "ಜಗಳ ಇನ್ನೂ ಬಾಕಿ ಇದ್ರೆ ಅದನ್ನೂ ತಗೊಂಡ್ ಬನ್ನಿ."

ಹಾಗೆ ಶುರುವಾಯಿತು.

ಮೊದಲ ಭಾನುವಾರ ಹುದಿಕೇರಿ ಕಡೆಯ ಒಂದು ಎಸ್ಟೇಟ್. ಸಿಲ್ವರ್ ಓಕ್ ಮರಗಳ ನಡುವೆ ಒಂದೇ ಉಸಿರಿಗೆ ಇಳಿಯುವ ದಾರಿ. ಜೀವಮಾನದಲ್ಲಿ ಮೊದಲ ಬಾರಿಗೆ ಬ್ರೇಕಿನ ಯೋಚನೆಯಿಲ್ಲದೆ ಮಾಳವಿಕಾ ಕಿರುಚಿಕೊಂಡು ಇಳಿದಿದ್ದಳು. ಕೆಳಗೆ ಗೇಟಿನ ಹತ್ತಿರ ಓನರ್ ಜೊತೆ ಮಾತಾಡಿ ಬಂದ ನಿರಂಜನ್ ಕತ್ತು ತುರಿಸಿಕೊಂಡ. "ಓನರ್ ಒಪ್ತಾ ಇಲ್ಲ ಮೇಡಂ."

ಎರಡನೆಯ ಭಾನುವಾರ ತಿತಿಮತಿ. ದಾರಿಯ ನಡುವೆ ಆನೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. "ಇವ್ರು ನಮಗಿಂತ ಮುಂಚೆ ಬುಕ್ ಮಾಡಿದ್ದಾರೆ," ಎಂದು ಅವನು ಪಿಸುಗುಟ್ಟಿದ. ಇಬ್ಬರೂ ಸೈಕಲ್ ಎತ್ತಿಕೊಂಡು ಸದ್ದಿಲ್ಲದೆ ವಾಪಸ್ಸಾದರು.

ದಾರಿ ಸಿಗದಿದ್ದುದಕ್ಕೆ ಬೇಸರವಾಗಬೇಕಿತ್ತು. ಆದರೆ ವಾಪಸ್ ಬರುವ ಬಸ್ಸಿನಲ್ಲಿ ಅವಳು ಲೆಕ್ಕ ಹಾಕುತ್ತಿದ್ದುದು ಮುಂದಿನ ಭಾನುವಾರಕ್ಕೆ ಎಷ್ಟು ದಿನ ಎಂದು. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡುವಾಗ ಅವನು ಪಟ್ಟಿಯನ್ನು ಮಾತ್ರ ನೋಡುತ್ತಿದ್ದ. ಅಷ್ಟೊಂದು ಎಚ್ಚರಿಕೆಯಿಂದ ಯಾರೂ ಪಟ್ಟಿಯನ್ನು ನೋಡುವುದಿಲ್ಲ. ಬಕಲ್ ಕ್ಲಿಕ್ ಎಂದ ಮೇಲೆ ಒಂದು ಗಳಿಗೆ ಕಣ್ಣು ಮೇಲೆತ್ತುತ್ತಿದ್ದ, ತಪ್ಪು ಮಾಡಿದವನಂತೆ ಇಳಿಸುತ್ತಿದ್ದ. ಆ ಗಳಿಗೆಯನ್ನು ಮಾಳವಿಕಾ ಮನೆಗೆ ಒಯ್ದು ಜೋಪಾನ ಮಾಡುತ್ತಿದ್ದಳು. ಒಯ್ಯುತ್ತಲೇ, ಇದೆಲ್ಲ ತನ್ನ ಕಲ್ಪನೆಯಿರಬಹುದೆಂದು ಅನುಮಾನಿಸುತ್ತಿದ್ದಳು.

ಅನುಮಾನ ಅವಳ ಹುಟ್ಟುಗುಣ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿದವಳು ಅವಳು. "ನಿಂಗೆ ಹಗ್ಗ ಎಲ್ಲಾ ಹಾವೇ ಕಣೇ," ಎಂದು ಗೆಳತಿ ತೇಜಸ್ವಿನಿ ಗೇಲಿ ಮಾಡುತ್ತಿದ್ದಳು. ಕೇಳಿ ಕೇಳಿ, ಭಯವಾದಾಗಲೆಲ್ಲ ಬಾಯಿ ಮುಚ್ಚಿಕೊಳ್ಳುವುದನ್ನು ಮಾಳವಿಕಾ ಕಲಿತಿದ್ದಳು.

ಗೆಳತಿಯರು ಬರುವ ದಿನ ಹತ್ತಿರವಾಯಿತು. "ನಿಮ್ಮ ಕೊಪ್ಪರಿಗೆ ಗುಡ್ಡಾನೇ ತೋರಿಸಿ," ಎಂದು ಅವಳೇ ಹಟ ಹಿಡಿದಳು. ಅವನು ಎರಡು ಸಲ ಬೇಡವೆಂದು ಹೇಳಿ ನೋಡಿದ. ಆಮೇಲೆ, "ಮೊದಲು ನಾವಿಬ್ರೇ ಇಳಿದು ನೋಡೋದಾದ್ರೆ ಸರಿ," ಎಂದ.

*

ಮಳೆ ಬಿಟ್ಟು ವಾರವಾಗಿತ್ತು. ಅವನ ಪಿಕಪ್ ಗುಡ್ಡದ ತಲೆಯಲ್ಲಿ ನಿಂತಾಗ ಬೆಳಗಿನ ಮಂಜು ಇನ್ನೂ ಕಾಫಿ ಗಿಡಗಳ ಸೊಂಟದ ಮಟ್ಟದಲ್ಲಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ.

"ಮೇಲೆ ನಮ್ಮ ರುದ್ರಮ್ಮ ದೊಡ್ಡಮ್ಮನ ಮನೆ. ಬೆಲ್ಲದ ಕಾಪಿ ಕುಡಿಸದೆ ಬಿಡಲ್ಲ," ಎಂದು ಅವನು ದಾರಿಯುದ್ದಕ್ಕೂ ಆಸೆ ಹುಟ್ಟಿಸಿದ್ದ. ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಕೋಳಿಗೂಡು ಬಾಯಿ ತೆರೆದುಕೊಂಡು ಖಾಲಿ. ನಾಯಿ ಕಟ್ಟುವ ಸರಪಳಿ ಅಂಗಳದಲ್ಲಿ ಬಿದ್ದಿತ್ತು.

"ಎಲ್ಲಿಗೆ ಹೋದ್ರು?"

"ಯಾರದಾದ್ರೂ ಮದುವೆ ಇರ್ಬೇಕು."

"ಕೋಳಿ ಕರ್ಕೊಂಡು ಮದುವೆಗಾ?"

"ಊಟಕ್ಕೆ ಬೇಕಲ್ಲ," ಎಂದು ಅವನು ನಕ್ಕ. ಆದರೂ ಫೋನ್ ತೆಗೆದು ನೋಡಿದ. ಸಿಗ್ನಲ್ ಇರಲಿಲ್ಲ.

ಮನೆಯ ಪಕ್ಕ ಒರತೆಯ ನೀರು ಕೊಳವೆಯಲ್ಲಿ ಬರುತ್ತಿತ್ತು. ಮಾಳವಿಕಾ ಕೈ ತೊಳೆಯಲು ಹೋದಳು. ನೀರು ಕೆಂಪಗಿತ್ತು. ವಾರದಿಂದ ಮಳೆಯಿಲ್ಲ, ನೀರೇಕೆ ಕೆಂಪು? ಕೇಳಬೇಕೆಂದು ಬಾಯಿ ತೆರೆದಳು. ಹಗ್ಗ ಎಲ್ಲಾ ಹಾವೇ. ಪ್ಯಾಂಟಿಗೆ ಕೈ ಒರೆಸಿಕೊಂಡು ಸುಮ್ಮನಾದಳು.

ಅವರದೊಂದು ಪದ್ಧತಿಯಿತ್ತು. ಹೊಸ ದಾರಿಯನ್ನು ಮೊದಲು ಒಬ್ಬರು ನಡೆದು ಇಳಿಯಬೇಕು. ಗಾಲಿಗೆ ಸಿಕ್ಕಿಕೊಳ್ಳುವ ಕೊಂಬೆ, ಕಲ್ಲು ಎಲ್ಲವನ್ನೂ ಬದಿಗೆ ಸರಿಸುತ್ತ ಹೋಗಬೇಕು. ಕೆಳಗೆ ತಲುಪಿ, ಗುಡ್ಡಗಾಡಿನವರು ಕೂಗುವಂತೆ "ಕೂ" ಎಂದು ಕೂಗಿದರೆ ದಾರಿ ಸಾಫಿದೆ ಎಂದರ್ಥ. ಆಗ ಇನ್ನೊಬ್ಬರು ಸೈಕಲಿನಲ್ಲಿ ಇಳಿಯಬೇಕು. ಇವತ್ತು ನಡೆಯುವ ಸರದಿ ಅವಳದು.

"ಹುಷಾರು," ಎಂದ ನಿರಂಜನ್.

"ನೀವು ಹುಷಾರು. ಇಳಿಯೋರು ನೀವು."

"ನಾನು ಬಿದ್ರೆ ನೀವು ಅಳ್ತೀರಾ?"

"ನಿಮ್ಮ ಸೈಕಲ್‌ಗೋಸ್ಕರ ಅಳ್ತೀನಿ. ಒಳ್ಳೇ ಸೈಕಲ್ಲು."

ಅವನು ಎದೆ ಹಿಡಿದುಕೊಂಡು ನೊಂದವನಂತೆ ನಟಿಸಿದ. ತಿರುವಿನವರೆಗೂ ಆ ನೋಟ ತನ್ನ ಬೆನ್ನ ಮೇಲಿದ್ದುದು ಅವಳಿಗೆ ತಿರುಗಿ ನೋಡದೆಯೇ ಗೊತ್ತಿತ್ತು.

ತಿರುವಿನಲ್ಲಿ ದಾರಿ ಕವಲೊಡೆದಿತ್ತು. ಬಲಕ್ಕೆ ಪಕ್ಕದ ತೋಟಕ್ಕೆ ಹೋಗುವ ಸಪಾಟು ದಾರಿ. ಎಡಕ್ಕೆ ಹೊಳೆಯ ಕಡೆ ನೆಟ್ಟಗೆ ಧುಮುಕುವ ಕಡಿದಾದ ದಾರಿ, ಅವರು ಹುಡುಕುತ್ತಿದ್ದುದು. ಅದರ ಬಾಯಲ್ಲೇ ಎರಡು ಹಸಿ ಕೊಂಬೆಗಳು ಅಡ್ಡ ಬಿದ್ದಿದ್ದವು. ಎಲೆ ಪೂರ್ತಿ ಬಾಡಿರಲಿಲ್ಲ. ಮೇಲೊಂದು ಕಲ್ಲು.

ತೋಟದಲ್ಲಿ ನೆರಳು ಮರದ ಕೊಂಬೆ ಕಡಿದಿರಬೇಕು ಎಂದುಕೊಂಡಳು. ಕಲ್ಲು? ಯಾರಾದರೂ ಬೇಕೆಂದೇ ಇಟ್ಟಿದ್ದರೆ? ಆ ಯೋಚನೆಯನ್ನು ಅವಳು ಗದರಿಸಿ ಕಳಿಸಿದಳು. ಈ ಇಳಿಜಾರಿನಲ್ಲಿ ಅವನ ಗಾಲಿ ಆ ಕಲ್ಲಿಗೆ ತಾಗಿದರೆ ಕತ್ತೇ ಮುರಿದೀತು. ಕಲ್ಲನ್ನು ಉರುಳಿಸಿದಳು. ಕೊಂಬೆಗಳನ್ನು ಪೊದೆಯೊಳಕ್ಕೆ ಎಳೆದು ಹಾಕಿ, ಉದುರಿದ ಎಲೆಗಳನ್ನು ಕೂಡ ಕಾಲಿನಿಂದ ಗುಡಿಸಿದಳು.

ಮುಂದೆ ಸ್ವಲ್ಪ ದೂರ ನೆಲ ಮೆತ್ತಗಿತ್ತು. ಮೇಲೆ ತರಗೆಲೆ, ಅಡಿಯಲ್ಲಿ ಹಾಸಿಗೆಯ ಮೇಲೆ ನಡೆದ ಹಾಗೆ. ಹೆಜ್ಜೆಯಿಟ್ಟಲ್ಲೆಲ್ಲ ಒಳಗೆಲ್ಲೋ ನೀರು ಗುಟುಕರಿಸುವ ಸದ್ದು. ಅಲ್ಲಿದ್ದ ಮರಗಳೆಲ್ಲ ಒಂದೇ ಕಡೆ ವಾಲಿದ್ದವು. ಅವಳು ಬೇಗ ಬೇಗ ಇಳಿದುಬಿಟ್ಟಳು.

ಕೆಳಗೆ, ಹೊಳೆಯ ದಡದಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. "ಕೂ...!"

ಮೇಲಿನಿಂದ ಉತ್ತರ ಬಂತು. "ಕೂ...!" ಅದರಲ್ಲೂ ಒಂದು ತುಂಟತನವಿತ್ತು, ಬೇಕಾದ್ದಕ್ಕಿಂತ ಉದ್ದ ಎಳೆದಿದ್ದ.

"ಯಾರವ್ವಾ ಅದು? ಅಲ್ಲಿ ಎಂತ ಮಾಡ್ತಿದ್ದಿ?"

ಹೊಳೆಯ ಆಚೆ ದಡದಲ್ಲಿ ಹುಲ್ಲಿನ ಹೊರೆ ಇಳಿಸಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದಳು. ಕಾಲ ಬಳಿ ಒಂದು ನಾಯಿ.

"ನಿರಂಜನ್ ಜೊತೆ ಬಂದಿದ್ದೀನಿ. ಸೈಕಲ್ ದಾರಿ ನೋಡೋಕೆ. ನೀವು ರುದ್ರಮ್ಮ ಅವ್ರಾ?"

"ಹೌದು ಕಣವ್ವ, ನಾನೇ. ಎಲ್ಲಿಂದ ಇಳ್ದೆ? ಈ ದಾರೀಲಾ? ಸೊಪ್ಪು ಅಡ್ಡ ಹಾಕಿದ್ದು ಕಾಣ್ಲಿಲ್ವಾ ನಿಂಗೆ?"

"ಸೊಪ್ಪು..."

"ಗುಡ್ಡ ಬಾಯಿ ಬಿಟ್ಟದೆ ಕಣೇ! ಒರತೆ ನೀರು ಕೆಂಪಾಗಿದ್ದೇ ನಾವು ಕೋಳಿ, ನಾಯಿ ಎಲ್ಲಾ ತಗೊಂಡು ತಂಗಿ ಮನೆಗೆ ಬಂದ್ವಿ. ಯಾರೂ ಇಳೀಬಾರ್ದು ಅಂತ ಸೊಪ್ಪು ಹಾಕಿ ಕಲ್ಲಿಟ್ಟು ಬಂದಿದ್ದೆ. ಅದು ಕಂಡ ಮೇಲೆ ಈ ಊರಲ್ಲಿ ಹಸುಗೂಸೂ ಕಾಲಿಡಲ್ಲ!"

ಮಾಳವಿಕಾಳ ಕೈಗೆ ಇನ್ನೂ ಆ ಹಸಿ ತೊಗಟೆಯ ವಾಸನೆಯಿತ್ತು.

ಮೇಲೆ, ದೂರದಲ್ಲಿ, ಅವನ ಸೈಕಲ್ ಬೆಲ್ಲು ಒಂದು ಸಲ ಕೇಳಿತು. ಪಿಕಪ್ಪಿನಿಂದ ಸೈಕಲ್ ಇಳಿಸುತ್ತಿದ್ದ, ಹೊರಡಲು ಇನ್ನು ಕೆಲವೇ ನಿಮಿಷ.

ಕೂಗಲೆಂದು ಬಾಯಿ ತೆರೆದವಳು ಹಾಗೇ ನಿಂತಳು. ಬಾ ಎನ್ನುವುದಕ್ಕೆ ಅವರ ಬಳಿ ಕೂಗಿತ್ತು. ಬೇಡ ಎನ್ನುವುದಕ್ಕೆ ಒಂದನ್ನೂ ಅವರು ಗೊತ್ತು ಮಾಡಿಕೊಂಡಿರಲಿಲ್ಲ. ಇಲ್ಲಿಂದ ಏನು ಅರಚಿದರೂ ಅವನಿಗದು ಬಾ ಎಂದೇ ಕೇಳುತ್ತದೆ.

ಅವಳು ತಿರುಗಿ ಗುಡ್ಡ ಹತ್ತತೊಡಗಿದಳು.

"ಹೋಗ್ಬ್ಯಾಡ್ವೇ! ಏ ಹುಡ್ಗಿ, ಹೋಗ್ಬ್ಯಾಡ!" ರುದ್ರಮ್ಮನ ದನಿ ಬೆನ್ನಿಗೆ ಬಡಿಯಿತು.

ಮೆತ್ತಗಿನ ನೆಲ ಸಿಕ್ಕಿತು. ಈಗ ಅಲ್ಲಿ, ತರಗೆಲೆಯ ನಡುವೆ, ಕೈ ಅಗಲದ ಕಪ್ಪು ಗೆರೆಯೊಂದು ಕಾಣುತ್ತಿತ್ತು. ಇಳಿಯುವಾಗ ಅದಿತ್ತೇ, ಈಗ ತೆರೆಯಿತೇ, ಅವಳಿಗೆ ತಿಳಿಯದು. ಅವಳು ನಾಲ್ಕೂ ಕಾಲಿನಲ್ಲಿ, ಕಾಫಿ ಗಿಡದ ಬುಡಗಳನ್ನು ಹಿಡಿದು ತೆವಳಿದಳು. ಹಿಡಿದ ಗಿಡವೊಂದು ಬೇರುಸಮೇತ ಕೈಗೆ ಬಂತು. ಅದನ್ನು ಬಿಡಲಿಲ್ಲ, ಎಳೆದುಕೊಂಡೇ ಹತ್ತಿದಳು. ಅವಳಿಗೆ ಆ ಹೊತ್ತಿನಲ್ಲಿ ತನ್ನ ಜೀವದ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೆದರಿದವಳಿಗೆ ಆ ಗಳಿಗೆಯಲ್ಲಿ ಒಂದೇ ಒಂದು ಹೆದರಿಕೆ ಉಳಿದಿತ್ತು. ಅದು ತಿರುವಿನ ಮೇಲಿನಿಂದ ಚಕ್ರದ ಸದ್ದಾಗಿ ಬರುತ್ತಿತ್ತು.

ಕವಲಿನ ಬಾಯಿಗೆ ಗಿಡವನ್ನು ಅಡ್ಡ ಎಸೆದಳು. ಅದರ ಹಿಂದೆ ಕೈ ಅಗಲಿಸಿ ನಿಂತಳು.

"ನಿಲ್ಲು! ನಿರಂಜನ್, ನಿಲ್ಲು!"

ತಿರುವಿನಲ್ಲಿ ಕಾಣಿಸಿಕೊಂಡ ಅವನ ಕಣ್ಣು ಮೊದಲು ಬಿದ್ದದ್ದು ಹಸಿರಿನ ಮೇಲೆ. ಹುಟ್ಟಿದೂರಿನ ಅಭ್ಯಾಸ, ಯೋಚನೆಗೆ ಮೊದಲೇ ಕೈ ಬ್ರೇಕ್ ಹಿಡಿಯಿತು. ಹಿಂದಿನ ಗಾಲಿ ಜಾರಿತು, ಸೈಕಲ್ ಮಲಗಿತು, ಅವನು ಮಣ್ಣಿನಲ್ಲಿ ಜಾರುತ್ತ ಬಂದು ಅವಳ ಕಾಲಿಗೆ ಬಡಿದು ನಿಂತ.

"ಏನಾಯ್ತು? ಮಾಳವಿಕಾ, ಏನಾಯ್ತು?"

ಅವಳು ಹೇಳಲಿಲ್ಲ. ಗುಡ್ಡವೇ ಹೇಳಿತು. ಬೆನ್ನ ಹಿಂದೆ, ಅವಳು ಆಗಷ್ಟೇ ತೆವಳಿ ಬಂದಿದ್ದ ನೆಲ, ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಕುಳಿತುಕೊಂಡಿತು. ಅಬ್ಬರವಿರಲಿಲ್ಲ. ವಾಲಿದ್ದ ಮರಗಳು ನಿಂತ ಹಾಗೆಯೇ ಕೆಳಗೆ ಹೊರಟವು, ದಾರಿಯೂ ಅವುಗಳೊಂದಿಗೆ ಹೊರಟುಹೋಯಿತು. ಕೆಂಪು ಮಣ್ಣಿನ ಹಸಿ ವಾಸನೆ ಮೇಲೆದ್ದಿತು.

ಹೊಳೆಯಾಚೆಯಿಂದ ರುದ್ರಮ್ಮ ಅಳುವಿನಂಥ ದನಿಯಲ್ಲಿ ಕೂ ಹಾಕುತ್ತಿದ್ದಳು. ಮಾಳವಿಕಾ ತಿರುಗಿ ಕೂಗಿದಳು. ಇದ್ದೇವೆ ಎಂದು.

ಅವನ ಮೊಣಕೈ ಸುಲಿದು ರಕ್ತ ಬರುತ್ತಿತ್ತು. ಬೇರೆ ಬಟ್ಟೆಯಿಲ್ಲದೆ ಅವಳು ತನ್ನ ಟೀ ಶರ್ಟಿನ ಅಂಚಿನಿಂದಲೇ ಒತ್ತಿ ಹಿಡಿದಳು.

"ಸೊಪ್ಪು ಅಡ್ಡ ಇತ್ತು. ನಾನೇ ತೆಗೆದೆ," ಎಂದಳು. "ನಿಮ್ಮ ಗಾಲಿಗೆ ಸಿಕ್ಕೀತು ಅಂತ."

"ನಿಮಗೆ ಅದು ಗೊತ್ತಿರಲಿಲ್ಲ. ಪೇಟೆಯವರು."

"ಗೊತ್ತಿತ್ತು. ಒಂದು ಕ್ಷಣ ಗೊತ್ತಿತ್ತು. ಒರತೆ ನೀರು ಕೆಂಪಗಿತ್ತು, ಅದೂ ನೋಡಿದ್ದೆ. ನನ್ನ ಭಯಾನ ನಾನೇ ನಂಬಲಿಲ್ಲ."

ಅವನು ಕುಸಿದ ಜಾಗದತ್ತ ನೋಡಿದ.

"ಹುದಿಕೇರಿ ಓನರ್ ಒಪ್ಪಿದ್ರು," ಎಂದ.

"ಏನು?"

"ಅವತ್ತೇ ಒಪ್ಪಿದ್ರು. ಎಷ್ಟು ಜನ ಬೇಕಾದ್ರೂ ಬನ್ನಿ, ಕಾಫಿನೂ ಕೊಡ್ತೀವಿ ಅಂದ್ರು. ದಾರಿ ಸಿಕ್ಕಿತು ಅಂದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು. ಅದಕ್ಕೆ..." ಅವನ ಮುಖ ಮಣ್ಣಿಗಿಂತ ಕೆಂಪಾಗಿತ್ತು. "ಇನ್ನೊಂದು ಭಾನುವಾರಕ್ಕೋಸ್ಕರ ಸುಳ್ಳು ಹೇಳ್ದೆ."

"ತಿತಿಮತಿ?"

"ಅದು ನಿಜ. ಆನೆ ನಾನು ತಂದು ನಿಲ್ಲಿಸಿದ್ದಲ್ಲ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಅವನ ಭುಜಕ್ಕೆ ಮುಷ್ಟಿಯಿಂದ ಗುದ್ದಿದಳು, ಇನ್ನೊಮ್ಮೆ ಗುದ್ದಿದಳು, ಮೂರನೆಯದಕ್ಕೆ ಮುಷ್ಟಿ ತಾನೇ ಬಿಚ್ಚಿಕೊಂಡು ಅಲ್ಲೇ ಉಳಿಯಿತು.

"ಭಾನುವಾರ ಬೇಕಿದ್ರೆ ಭಾನುವಾರ ಕೇಳ್ಬೇಕಿತ್ತು. ಆ ಸುಳ್ಳಿನಿಂದ ನೀನು ಈಗ ಇಲ್ಲಿ, ಈ ಮಣ್ಣಿನಡಿ..." ಮಾತು ಮುಗಿಯಲಿಲ್ಲ. ನೀನು ಎಂದದ್ದು ಅವಳ ಗಮನಕ್ಕೆ ಬರಲಿಲ್ಲ. ಅವನ ಗಮನಕ್ಕೆ ಬಂತು.

"ಇನ್ನು ನೀನು ಬೇಡ ಅಂದ್ರೆ ಬೇಡ," ಎಂದ ಅವನು. "ನೀನು ನಿನ್ನ ಭಯ ನಂಬದಿದ್ರೂ ನಾನು ನಂಬ್ತೀನಿ. ಆಣೆ."

ಅವನು ಮೊಣಕಾಲೂರಿ ಎದ್ದು ನಿಂತ.

"ಈಗ ಕೇಳ್ಲಾ? ಭಾನುವಾರದ್ದು?"

ಅವರು ನಿಂತ ನೆಲದೊಳಗೆ, ಎಲ್ಲೋ ಆಳದಲ್ಲಿ, ನೀರು ಗುಟುಕರಿಸಿತು. ಈ ಸಲ ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ.

"ಕೇಳು. ಆದ್ರೆ ಇಲ್ಲಿ ನಿಂತು ಬೇಡ. ನಡೀತಾ ಕೇಳು. ಸೈಕಲ್ ಬಿಡು."

ಅವನು ಬಿಟ್ಟ. ಒಳ್ಳೆಯ ಸೈಕಲ್ಲು, ತಿರುಗಿಯೂ ನೋಡಲಿಲ್ಲ. ಅವಳ ಮಣ್ಣು ಮೆತ್ತಿದ ಕೈಯನ್ನು ಹಿಡಿದುಕೊಂಡ. ಬಲಗಡೆಯ ದಾರಿಯಲ್ಲಿ, ಪಕ್ಕದ ತೋಟದ ಕಡೆಗೆ, ಮೇಲುಸಿರು ಬಿಡುತ್ತ ನಡೆದರು.

"ಮುಂದಿನ ಭಾನುವಾರ?" ಎಂದು ಕೇಳಿದ.

"ಹೂಂ."

"ಅದರ ಮುಂದಿನದು?"

"ಹೂಂ. ಬೇಗ ನಡಿ."

"ಎಲ್ಲಾ ಭಾನುವಾರ ಅಂದ್ರೆ?"

ಹಿಂದೆ ಗುಡ್ಡ ಮತ್ತೊಮ್ಮೆ ಸಡಿಲಿತು. ಅವಳು ಅವನ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದು, ಹೆಜ್ಜೆ ಜೋರು ಮಾಡಿ, ಹೂಂ ಎಂದಳು.