"ನಾರ್ಟನ್ ಎಲ್ಲಿ, ಪಿಳ್ಳಣ್ಣ?"

ಪಿಳ್ಳಣ್ಣನ ಬಲಗೈ ಲಾರಿಯ ಬಾಗಿಲ ಸಂದಿನಲ್ಲಿತ್ತು.

ಬಾಗಿಲು ಪೊಲೀಸ್ ದಫೇದಾರ್ ದೊಡ್ಡಮುನಿಯಪ್ಪನ ಹಿಡಿತದಲ್ಲಿತ್ತು!

"ಕೊನೇ ಸಲ ಕೇಳ್ತೀನಿ. ನಾರ್ಟನ್ ಎಲ್ಲೋ?"

"ಗೊತ್ತಿಲ್ಲ ಸ್ವಾಮಿ... ನಮ್ಮಪ್ಪನಾಣೆಗೂ ಗೊತ್ತಿಲ್ಲ!"

ಬಾಗಿಲು ಇನ್ನೊಂದಿಷ್ಟು ಅದುಮಿತು. ಪಿಳ್ಳಣ್ಣ ಕಿರುಚಿದ. ರೇಸಿನ ಮೋಟಾರ್ ಸೈಕಲ್ಲುಗಳ ಆರ್ಭಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ನನಗೆ ಕೇಳಿಸಿತು. ಅವನು ನನ್ನ ತಂಗಿ ಗಂಗಲಕ್ಷ್ಮಮ್ಮನ ಗಂಡ.

ಯುದ್ಧ ಮುಗಿದ ಮರುವರ್ಷ ಸ್ವಾಮಿ. ದೇವನಹಳ್ಳಿಯಾಚೆ ಮಿಲಿಟರಿಯವರು ಬಿಟ್ಟುಹೋದ ರನ್‌ವೇ ಮೇಲೆ ರೇಸು. ಬೆಂಗಳೂರು ದಂಡಿನಿಂದ ಸೋಲ್ಜರುಗಳು, ದೊರೆಗಳು, ಟೋಪಿ ಹಾಕಿದ ದೊರೆಸಾನಿಯರು. ಹಳ್ಳಿ ಜನವಂತೂ ಇರುವೆ ಸಾಲು! ಗೆಲ್ಲುವ ಗಾಡಿ ಎಂದು ಎಲ್ಲರೂ ಹೇಳುತ್ತಿದ್ದದ್ದು ಒಂದೇ. ಅಪ್ಪಯ್ಯಣ್ಣ ಗೌಡರ ನಾರ್ಟನ್ ಮೋಟಾರ್ ಸೈಕಲ್ಲು. ಗೌಡರಿಗೆ ಇದ್ದಿಲಿನಿಂದ ಓಡುವ ಬಸ್ಸುಗಳಿದ್ದವು, ಜಮೀನಿತ್ತು, ಮೀಸೆಯಿತ್ತು. ನಾರ್ಟನ್ ಓಡಿಸುವುದಕ್ಕೆ ದಂಡಿನ ಸೋಲ್ಜರ್ ಒಬ್ಬನನ್ನು ಗೊತ್ತು ಮಾಡಿದ್ದರು. ಬಿಚ್ಚಿ ಕಟ್ಟಿ ರೆಡಿ ಮಾಡುವುದಕ್ಕೆ ಪಿಳ್ಳಣ್ಣ.

ಮಧ್ಯಾಹ್ನ ಗೌಡರು ಎಲ್ಲರಿಗೂ ಪಂಕ್ತಿ ಹಾಕಿಸಿದರು. ಮುದ್ದೆ, ಬಾಡಿನ ಸಾರು. ಎಲೆ ಮುಂದೆ ಕೂತಿದ್ದ ಜನ ಎದ್ದು ಕೈ ತೊಳೆಯುವಷ್ಟರಲ್ಲಿ ನಾರ್ಟನ್ ಮಾಯ!

ಕಾವಲಿಗೆ ಪಿಳ್ಳಣ್ಣ ಒಬ್ಬನೇ ಇದ್ದ. ಅವನೂ ಪೆಟ್ರೋಲು ಸೋಸುವ ಬಟ್ಟೆ ತರಲು ಲಾರಿಯ ಹಿಂದಕ್ಕೆ ಹೋಗಿದ್ದನಂತೆ.

ಅಷ್ಟು ಸಾಕಲ್ಲ? ಬಡವನ ಮೇಲೆ ಗುಮಾನಿ ಬರುವುದಕ್ಕೆ ಅದರರ್ಧ ಸಾಕು.

"ಗೌಡ್ರೇ, ಕೈ ಬಿಡ್ಸಿ. ನಾನು ಹುಡುಕ್ಕೊಂಡು ಬರ್ತೀನಿ" ಎಂದೆ.

ಗೌಡರು ನನ್ನನ್ನು ನೋಡಿದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಮಾಲು ಕಳಕೊಂಡು ಪೊಲೀಸರ ಹತ್ತಿರ ಹೋಗಲಾರದವರು ನನ್ನ ಹತ್ತಿರ ಬರುತ್ತಾರೆ. ಸಂಜೀವಪ್ಪ ಅಂದರೆ ಹೊಸಕೋಟೆಯಿಂದ ನೆಲಮಂಗಲದವರೆಗೆ ಕಳ್ಳರಿಗೂ ಗೊತ್ತು.

"ಫೈನಲ್ ಸಂಜೆ ಐತೆ. ಅಷ್ಟರೊಳಗೆ ಗಾಡಿ ಇಲ್ಲಿರಬೇಕು ಕಣಯ್ಯಾ."

"ಕಳ್ಳನ್ನೂ ತರ್ತೀನಿ. ಅಲ್ಲೀವರ್ಗೂ ಇವನ್ನ ಮುಟ್ಬಾರ್ದು."

"ಆಯ್ತು ಹೋಗು."

ದಫೇದಾರ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಪಿಳ್ಳಣ್ಣನ ಹಳೇ ಬಿಎಸ್ಎ ಮೋಟಾರ್ ಸೈಕಲ್ಲು ಹತ್ತಿದೆ. ಮಿಲಿಟರಿ ಗುಜರಿಯಲ್ಲಿ ಸಿಕ್ಕ ಗಾಡಿ. ಕೆಮ್ಮಿತು, ಉಗುಳಿತು, ಹೊರಟಿತು.

ರೇಸಿನ ಗಾಡಿಗೆ ಹರಳೆಣ್ಣೆ ಬೆರೆಸಿದ ಆಯಿಲ್ ಹಾಕುತ್ತಾರೆ. ಅದು ಸುಟ್ಟರೆ ಒಂಥರಾ ವಾಸನೆ. ದೊಡ್ಡಬಳ್ಳಾಪುರದ ರಸ್ತೆಗೆ ತಿರುಗಿದೆನೋ ಇಲ್ಲವೋ... ಮೂಗಿಗೆ ಬಡಿಯಿತು!

ಕವಲು ದಾರಿಯಲ್ಲಿ ಅಂಜಿನಮ್ಮನ ಅಂಗಡಿ. ಬೀಡಿ, ಎಲೆ, ಕಾಯಿ, ಕರ್ಪೂರ ಎಲ್ಲಾ ಇಟ್ಟವಳು.

"ಇಂಗೆ ಮೋಟ್ರು ಸೈಕಲ್ಲು ಹೋಯ್ತಾ ಅಜ್ಜಿ?"

"ಹೋಯ್ತು ಕಣಪ್ಪ. ಮೊಕಕ್ಕೆ ವಲ್ಲಿ ಸುತ್ಕಂಡಿದ್ದ. ಗಾಡಿ ನಿಲ್ಸಿ ಕಾಯಿ ತಕ್ಕಂಡ, ಕರ್ಪೂರ ತಕ್ಕಂಡ."

"ಇನ್ನೇನು ತಗೊಂಡ?"

"ನಿಂಬೆಹಣ್ಣು. ಒಂದು ಜೊತೆ."

ನಾನು ಬಿಎಸ್ಎ ಮೇಲೆ ಕೂತಲ್ಲೇ ಕಲ್ಲಾದೆ.

ಒಂದು ಜೊತೆ ನಿಂಬೆಹಣ್ಣು... ಎರಡು ಚಕ್ರ!

ಕದ್ದ ಗಾಡಿಯನ್ನು ಕಳ್ಳ ಬಚ್ಚಿಡುತ್ತಾನೆ. ಬಣ್ಣ ಬದಲಾಯಿಸುತ್ತಾನೆ. ಪೂಜೆ ಯಾವನು ಮಾಡಿಸುತ್ತಾನೆ? ಇವನು ಕದ್ದೆ ಎಂದುಕೊಂಡೇ ಇಲ್ಲ. ಗಾಡಿ ತನ್ನದೇ ಎಂದುಕೊಂಡಿದ್ದಾನೆ! ಈ ಸೀಮೆಯಲ್ಲಿ ಹೊಸ ಗಾಡಿ ಹಿಡಿದವನು ಬಾಶೆಟ್ಟಿಹಳ್ಳಿ ದಾರಿಯ ಮುನೇಶ್ವರನಿಗೆ ಕಾಯಿ ಒಡೆಯದೆ ಮುಂದಕ್ಕೆ ಹೋಗುವುದಿಲ್ಲ. ಹೋದವನು ಹಳ್ಳಕ್ಕೆ ಬೀಳುತ್ತಾನೆ ಎಂದು ನಂಬಿಕೆ.

ಬಿಎಸ್ಎಯ ಕಿವಿ ಹಿಂಡಿದೆ.

ಕೆರೆ ಏರಿಯ ಪಕ್ಕ ಬೇವಿನ ಮರ. ಅದರ ಬುಡದಲ್ಲಿ ಮುನೇಶ್ವರ. ಎದುರಿಗೆ ನಾರ್ಟನ್! ಹ್ಯಾಂಡಲ್ಲಿಗೆ ಚೆಂಡು ಹೂವು, ಟ್ಯಾಂಕಿಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಪೂಜಾರಿ ಮಂಗಳಾರತಿ ಎತ್ತುತ್ತಿದ್ದ. ಕೈಮುಗಿದು ನಿಂತವನು ತಿರುಗಿದ.

ಗೋಪಾಲಪ್ಪ. ಅಪ್ಪಯ್ಯಣ್ಣ ಗೌಡರ ಸ್ವಂತ ಅಳಿಯ!

"ನೀನ್ಯಾಕ್ ಬಂದ್ಯೋ ಇಲ್ಲಿಗೆ?"

"ಗಾಡಿಗೆ ಬಂದೆ, ಗೋಪಾಲಪ್ನೋರೇ."

"ಇದು ನನ್ನ ಗಾಡಿ ಕಣೋ! ಧಾರೆ ಎರೆಯೋವಾಗ ಊರೋರ ಮುಂದೆ ಮಾವ ಹೇಳಿದ್ದು. ಅಳಿಯಂದ್ರಿಗೆ ಮೋಟ್ರು ಸೈಕಲ್ಲು ಕೊಡ್ತೀನಿ ಅಂತ. ಎರಡು ಯುಗಾದಿ ಆಯ್ತು. ನಮ್ಮೂರಲ್ಲಿ ಹೈಕಳೂ ನಗ್ತವೆ. ಇವತ್ತು ನೋಡುದ್ರೆ ಯಾವನೋ ಸೋಲ್ಜರ್ ಕೈಗೆ ಕೊಟ್ಟವ್ರೆ!"

"ಅದನ್ನ ನಿಮ್ಮಾವನ್ನ ಕೇಳಿ. ಅಲ್ಲಿ ನನ್ನ ತಂಗಿ ಗಂಡನ ಕೈ ಮುರೀತಾವ್ರೆ!"

"ಮೆಕ್ಯಾನಿಕ್ ಕೈ ತಾನೆ?"

ಎಷ್ಟು ಸಲೀಸಾಗಿ ಹೇಳಿದ! ನನ್ನ ಮೈ ಉರಿದುಹೋಯಿತು. ಒಂದು ಹೆಜ್ಜೆ ಮುಂದಿಟ್ಟೆ.

ಕಾಯಿ ಒಡೆಯುವ ಮಚ್ಚು ಅವನ ಕೈಗೆ ಬಂತು. ಬೀಸಿದ!

ಬಗ್ಗಿದೆ. ಮಚ್ಚು ಬೇವಿನ ಮರಕ್ಕೆ ಕಚ್ಚಿಕೊಂಡಿತು. ಪೂಜಾರಿ ಮಂಗಳಾರತಿ ತಟ್ಟೆ ಬಿಟ್ಟು ಓಡಿದ. ನಾನು ಮಚ್ಚು ಕಿತ್ತುಕೊಳ್ಳುವಷ್ಟರಲ್ಲಿ ಗೋಪಾಲಪ್ಪ ಗಾಡಿ ತಳ್ಳಿ, ಓಡಿ, ಹಾರಿ ಕೂತ. ನಿಂಬೆಹಣ್ಣು ಪಚಕ್ಕೆಂದಿತು. ನಾರ್ಟನ್ ಗುಡುಗಿತು!

ಏರಿ ಮೇಲೆ ಅವನು ಮುಂದೆ, ನಾನು ಹಿಂದೆ. ರೇಸಿನ ಕುದುರೆಯ ಹಿಂದೆ ಅಗಸರ ಕತ್ತೆ. ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಮುಗಿಯಿತು ಅಂದುಕೊಂಡೆ... ಪಿಳ್ಳಣ್ಣನ ಕಥೆ ಮುಗಿಯಿತು!

ಏರಿಯ ತಿರುವಿನಲ್ಲಿ ಕುರಿ ಮಂದೆ.

ಗೋಪಾಲಪ್ಪ ಬ್ರೇಕ್ ಒತ್ತಿದ. ನಾರ್ಟನ್ ಮಲಗಿಕೊಂಡೇ ಜಾರಿತು. ಅವನು ಕುರಿಗಳ ಮೇಲೆ ಬಿದ್ದ. ನಾನು ನಿಲ್ಲಿಸಲಾಗದೆ ಬಿಎಸ್ಎ ಸಮೇತ ಕೆರೆಯ ಕೆಸರಿಗೆ ಹೋದೆ. ಮೊಣಕಾಲಿನ ಚರ್ಮ ಕಿತ್ತುಬಂತು. ಎದ್ದೆ. ಏರಿ ಹತ್ತಿದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮಚ್ಚನ್ನು ಅವನ ಕತ್ತಿಗೆ ಇಟ್ಟೆ.

"ಎತ್ತಿ ಗಾಡೀನ. ನೀವು ಓಡಿಸ್ತೀರಿ. ನಾನು ಹಿಂದೆ ಕೂತ್ಕೋತೀನಿ."

"ಗಾಡಿ ತಗೊಂಡು ಹೋಗೋ. ನನ್ನ ಬಿಟ್ಬಿಡು."

"ಗಾಡಿ ಸಿಕ್ರೆ ಸಾಲ್ದು. ಕದ್ದೋರು ಯಾರು ಅಂತ ಗೊತ್ತಾಗ್ಬೇಕು."

ಅವನು ಮೈಮೇಲಿನ ಧೂಳು ಕೊಡವಿಕೊಂಡ. "ಗೊತ್ತಾದ್ರೆ ಏನಾಗುತ್ತೆ ಅಂದ್ಕೊಂಡಿದ್ದೀಯಾ ಸಂಜೀವಪ್ಪ?" ಎಂದ. ಹೆದರಿಕೆಯೇ ಇರಲಿಲ್ಲ ಆ ಮಾತಿನಲ್ಲಿ.

ದಾರಿಯುದ್ದಕ್ಕೂ ಮಚ್ಚನ್ನು ಅವನ ಬೆನ್ನಿಗೆ ಒತ್ತಿಕೊಂಡೇ ಕೂತಿದ್ದೆ.

ರನ್‌ವೇ ತಲುಪಿದಾಗ ಫೈನಲ್ಲಿಗೆ ಗಾಡಿಗಳು ಸಾಲುಗಟ್ಟುತ್ತಿದ್ದವು. ನಾರ್ಟನ್ ಸದ್ದು ಕೇಳಿ ಜನ 'ಹೋ' ಎಂದರು. ನಾನು ಗೋಪಾಲಪ್ಪನ ರಟ್ಟೆ ಹಿಡಿದು ಗೌಡರ ಮುಂದೆ ನಿಲ್ಲಿಸಿದೆ.

"ತಗೊಳ್ಳಿ ಗೌಡ್ರೇ. ಗಾಡಿ. ಕಳ್ಳ."

ಗೌಡರು ಅಳಿಯನನ್ನು ನೋಡಿದರು. ಹೂವು ನೋಡಿದರು, ಕುಂಕುಮ ನೋಡಿದರು. ಮುಖ ಬಿಳಚಿಕೊಂಡಿತು. ಒಂದೇ ಕ್ಷಣ... ಆಮೇಲೆ ಗೆದ್ದವನಿಗೆಂದು ತರಿಸಿಟ್ಟಿದ್ದ ಗುಲಾಬಿ ಹಾರವನ್ನು ಎತ್ತಿ ಅಳಿಯನ ಕೊರಳಿಗೆ ಹಾಕಿಬಿಟ್ಟರು!

"ನೋಡ್ರಪ್ಪಾ! ಕಳ್ಳ ಬಚ್ಚಿಟ್ಟಿದ್ದ ಗಾಡೀನ ನಮ್ಮ ಅಳಿಯಂದ್ರು ಹುಡುಕಿ, ಮುನೇಶ್ವರನಿಗೆ ಹರಕೆ ತೀರ್ಸಿ ತಂದವ್ರೆ!"

ಚಪ್ಪಾಳೆ. ದೊರೆಸಾನಿಯೊಬ್ಬಳು ಎದ್ದು ನಿಂತು ತಟ್ಟಿದಳು.

"ಸುಳ್ಳು!" ಎಂದು ಕೂಗಿದೆ. ಯಾರು ಕೇಳುತ್ತಾರೆ? ಗೌಡರು ನನ್ನ ಹೆಗಲಿಗೆ ಕೈಹಾಕಿ ಜನರಿಂದ ಆಚೆಗೆ ಕರೆದೊಯ್ದರು.

"ಅಳಿಯ ಕಳ್ಳ ಅಂತ ಆದ್ರೆ ಬೀಗ್ರು ಇವತ್ತೇ ನನ್ನ ಮಗಳ್ನ ತಂದು ನಮ್ಮನೆ ಬಾಗಿಲಿಗೆ ಬಿಡ್ತಾರೆ. ನೀನೂ ಹೆಣ್ಣು ಕೊಟ್ಟವನು. ಅರ್ಥ ಮಾಡ್ಕೋ."

"ಅಂಗಾದ್ರೆ ನನ್ನ ತಂಗಿ ಗಂಡ?"

"ಅವನ ಕೈ ಹೋಯ್ತಲ್ಲಪ್ಪಾ. ಇನ್ನು ಹೊರಗಿದ್ದು ಏನು ಮಾಡ್ತಾನೆ? ಒಳಗೆ ಮುದ್ದೆನಾದ್ರೂ ಹಾಕ್ತಾರೆ."

ಓಡಿದೆ.

ಪಿಳ್ಳಣ್ಣ ಲಾರಿಯ ಚಕ್ರಕ್ಕೆ ಒರಗಿ ಕೂತಿದ್ದ. ಬಲಗೈಗೆ ಪೆಟ್ರೋಲು ಸೋಸುವ ಬಟ್ಟೆ ಸುತ್ತಿತ್ತು. ಬಟ್ಟೆ ಪೂರಾ ಕೆಂಪು.

"ಒಪ್ಕೊಂಡ್ಬಿಟ್ಟೆ ಭಾವ..." ಎಂದ. "ತಡಕೊಳ್ಳೋಕಾಗ್ಲಿಲ್ಲ."

ನನಗೆ ಅಳು ಬಂತು ಸ್ವಾಮಿ. ನಾಚಿಕೆಯಿಲ್ಲದೆ ಅತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ದಫೇದಾರ ಬೀಡಿ ಹಚ್ಚಿಕೊಂಡು ಬಂದು ನನ್ನ ಬೆನ್ನು ತಟ್ಟಿದ.

"ಭೇಷ್ ಕಣ್ಲಾ ಸಂಜೀವ. ಬರೀ ಬಾಯ್ಮಾತಲ್ಲಿ ಒಪ್ಕೊಂಡ್ರೆ ಕೋರ್ಟಲ್ಲಿ ನಿಲ್ತಿರ್ಲಿಲ್ಲ. ಮಾಲೇ ಇಲ್ದೆ ಕೇಸೆಲ್ಲಿಂದ ಬರುತ್ತೆ? ನಾಳೆ ಬಿಟ್ಟು ಕಳಿಸ್ಬೇಕಾಗ್ತಿತ್ತು. ಈಗ ಇವನು ಹೇಳಿದ ಜಾಗದಲ್ಲೇ ಗಾಡಿ ಸಿಕ್ತು ಅಂತ ಆಯ್ತು."

ನಾನು ಸುಮ್ಮನೆ ಕೆರೆಯ ಕೆಸರಿನಲ್ಲೇ ಬಿದ್ದಿದ್ದರೆ ಸಾಕಿತ್ತು. ಕುರಿ ಅಡ್ಡ ಬಾರದಿದ್ದರೆ ಸಾಕಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ. ಹಗ್ಗ ನನ್ನದು, ಕೈ ಮಾತ್ರ ಪಿಳ್ಳಣ್ಣನದು.

ಅತ್ತ ಬಾವುಟ ಬಿತ್ತು. ಫೈನಲ್ ಶುರುವಾಯಿತು. ಪಿಳ್ಳಣ್ಣ ಕಣ್ಣು ಮುಚ್ಚಿಕೊಂಡು ನಾರ್ಟನ್ನಿನ ಸದ್ದು ಕೇಳುತ್ತಿದ್ದ.

"ಚೆನ್ನಾಗ್ ಓಡ್ತೈತೆ ಅಲ್ವಾ ಭಾವ?" ಎಂದ.

ಅವನನ್ನು ಲಾರಿಗೆ ಹತ್ತಿಸುವಾಗ ಗಂಗಲಕ್ಷ್ಮಮ್ಮ ಜನರ ನಡುವೆ ನುಗ್ಗಿಕೊಂಡು ಬಂದಳು. ಸೆರಗೆಲ್ಲಾ ಧೂಳು. ನನ್ನ ತೋಳು ಹಿಡಿದುಕೊಂಡಳು.

"ಅಣ್ಣಯ್ಯಾ, ಗಾಡಿ ಸಿಕ್ತಂತಲ್ಲ! ನೀನೇ ತಂದ್ಯಂತಲ್ಲ! ಇನ್ನು ಅವರ್ನ ಬಿಡ್ತಾರೆ ಅಲ್ವಾ?"

"ಬಿಡ್ತಾರೆ ಕಣಮ್ಮ" ಎಂದೆ.

ಸುಳ್ಳು ಹೇಳಲಿಲ್ಲ ಸ್ವಾಮಿ. ಎರಡು ವರ್ಷ ಕಳೆದ ಮೇಲೆ ಬಿಟ್ಟರು.