ಎಳೆದ ಕಡೆಗೇ ಹೋದವಳು

ಮೊದಲ ಭಾನುವಾರವೇ ನಂದಿತಾ ಪ್ರೇಮ್‌ಕುಮಾರನ ತುಟಿ ಒಡೆದಳು.

ನಂಜನಗೂಡಿನ ಸಮುದಾಯ ಭವನವೊಂದರ ಮಹಡಿಯಲ್ಲಿ ತಾಯ್ ಚಿ ಕ್ಲಾಸ್, ಚೀನಾದ ನಿಧಾನಗತಿಯ ಕಸರತ್ತು. ಪ್ರೇಮ್‌ಕುಮಾರ್ ಟಿ. ನರಸೀಪುರದ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು. ಭಾನುವಾರ ಬಸ್ಸು ಹಿಡಿದು ಬಂದು ಇಲ್ಲಿ ಕಲಿಸುತ್ತಿದ್ದ. ಹೊಸಬಳ ಭುಜ ತೀರಾ ಬಿಗಿಯಾಗಿದೆಯೆಂದು ಹಿಂದಿನಿಂದ ಬಂದು ಮಣಿಕಟ್ಟು ಮುಟ್ಟಿದ. ಅಷ್ಟೇ. ಅವಳ ಮೊಣಕೈ ಗಿರ್ರನೆ ತಿರುಗಿ ಅವನ ಬಾಯಿಗೆ ಬಡಿಯಿತು. ಬಿಳಿ ಟೀ ಶರ್ಟಿನ ಮೇಲೆ ರಕ್ತ ತೊಟ್ಟಿಕ್ಕಿತು.

"ಅಯ್ಯೋ, ಸಾರಿ ಸಾರ್! ಬೇರೆ ಯಾರೋ ಅಂದ್ಕೊಂಡೆ."

"ಆ ಬೇರೆಯವರ ಮೇಲೆ ಇಷ್ಟೊಂದು ಪ್ರೀತೀನಾ?" ಕರ್ಚೀಫ್ ಒತ್ತಿಕೊಂಡೇ ಅವನು ನಕ್ಕ.

ಅವಳು ಬ್ಯಾಗಿನಿಂದ ಹತ್ತಿ ತೆಗೆದುಕೊಟ್ಟಳು. "ನಾನು ಲ್ಯಾಬಲ್ಲಿ ಕೆಲ್ಸ ಮಾಡೋಳು. ದಿನಾ ಜನರ ರಕ್ತ ತೆಗೀತೀನಿ. ಆದ್ರೆ ಸೂಜೀಲಿ."

ಹತ್ತಿ ತೆಗೆದುಕೊಳ್ಳುವಾಗ ಅವಳ ಮಣಿಕಟ್ಟು ಕಂಡಿತು. ಯಾರದೋ ಬೆರಳುಗಳು ಒತ್ತಿ ಹಿಡಿದ ಗುರುತು ನೀಲಿಗಟ್ಟಿತ್ತು. ಅವನ ನಗು ನಿಂತಿತು.

ಕ್ಲಾಸ್ ಮುಗಿದ ಮೇಲೂ ಅವಳು ಹೋಗಲಿಲ್ಲ. "ಈ ನಿಧಾನದ್ದೆಲ್ಲ ನಂಗೆ ಬೇಡ ಸಾರ್. ಹೊಡಿಯೋದು ಕಲಿಸಿ."

"ಯಾರಿಗೆ?"

"ನಮ್ಮಣ್ಣಂಗೆ."

ಅಪ್ಪ ತೀರಿಕೊಂಡ ಮೇಲೆ ಸಿಮೆಂಟ್ ಅಂಗಡಿಯೂ ಮನೆಯೂ ಅಣ್ಣ ಅಮೃತೇಶನ ಕೈಗೆ ಬಂದಿದ್ದವು. ಫೋನ್ ಬಂದರೆ ಹೊಡೆತ, ಬಸ್ಸು ತಡವಾದರೆ ಹೊಡೆತ. ಕಳೆದ ವಾರ ಚಾರ್ಜರ್ ವೈರಿನಲ್ಲಿ ಬಾರಿಸಿದ್ದ. ಬಿಡಿಸಲು ಬಂದ ಅಮ್ಮ ಮಂಗಳಮ್ಮನಿಗೂ ಎರಡು ಬಿದ್ದಿದ್ದವು.

"ಅವ್ರು ನಿಮ್ಗಿಂತ ದಪ್ಪನಾ?"

"ನನ್ನಂಥೋರು ಇಬ್ರು ಸೇರ್ಬೇಕು."

"ಹಾಗಾದ್ರೆ ಹೊಡೆದಾಟದಲ್ಲಿ ನೀವೇ ಸೋಲ್ತೀರ. ಕೈ ಕೊಡಿ."

ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುವುದು. ಒಬ್ಬರು ತಳ್ಳಬೇಕು, ಇನ್ನೊಬ್ಬರು ಎದುರಿಸಲೂಬಾರದು, ಕೈ ಬಿಡಿಸಿಕೊಳ್ಳಲೂಬಾರದು. ನಂದಿತಾ ಮೈಯೊಳಗಿದ್ದ ಸಿಟ್ಟನ್ನೆಲ್ಲ ಸೇರಿಸಿ ತಳ್ಳಿದಳು. ಅವನು ಸೊಂಟ ತಿರುಗಿಸಿದ, ಅಷ್ಟೇ. ಅವಳು ಅವನನ್ನು ದಾಟಿ ಹೋಗಿ ಮುಗ್ಗರಿಸಿ ಬಿದ್ದಳು. ಮಂಡಿ ತರಚಿತು. ಎದ್ದು ಮತ್ತೆ ನುಗ್ಗಿದಳು, ಮತ್ತೆ ಬಿದ್ದಳು.

"ನಾನೇನೂ ಮಾಡ್ತಿಲ್ಲ ಕಣ್ರೀ. ನಿಮ್ಮ ಬಲಾನೇ ನಿಮ್ಮನ್ನ ಬೀಳಿಸ್ತಿದೆ. ಯಾರಾದ್ರೂ ಎಳೆದ್ರೆ ಎಳೆದ ಕಡೆಗೇ ಹೋಗಿ. ಅವ್ರು ಅಂದ್ಕೊಂಡಿದ್ದಕ್ಕಿಂತ ಬೇಗ ಹೋಗಿ."

"ಹೇಳ್ದಂಗೆ ಬಗ್ಗೋದು ನಂಗೆ ಚೆನ್ನಾಗಿ ಗೊತ್ತು ಸಾರ್. ಇಷ್ಟು ವರ್ಷ ಮಾಡಿದ್ದೇ ಅದು."

ಅವನು ತಲೆಯಾಡಿಸಿದ. "ಅದು ಹೆದ್ರಿಕೆ. ಹೆದ್ರಿದವ್ರ ಕಾಲು ನೆಲ ಬಿಟ್ಟಿರುತ್ತೆ. ಕೈ ಮೆತ್ತಗಿರ್ಲಿ, ಕಾಲು ಊರಿರ್ಲಿ."

ಭಾನುವಾರಗಳು ಕಳೆದವು. ಅವನ ಮಣಿಕಟ್ಟಿನ ಬಿಸಿ ಅವಳಿಗೆ ಪರಿಚಯವಾಯಿತು. ತಳ್ಳುವ ಮುಂಚೆ ಅವನ ಉಸಿರು ಒಂದಿಷ್ಟು ತಡೆಯುತ್ತದೆಂದೂ, ಅವಳು ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟರೆ ಅವನು ಮೊದಲು ಕಿಟಕಿ ಕಡೆ ನೋಡುತ್ತಾನೆಂದೂ ತಿಳಿಯಿತು. ಒಂದು ದಿನ ಅವನು ತಳ್ಳುತ್ತಾ ಹಾಗೆ ಕಿಟಕಿ ನೋಡಿದ ಕ್ಷಣದಲ್ಲೇ ಅವಳು ಪಕ್ಕಕ್ಕೆ ಸರಿದಳು. ಮೇಷ್ಟ್ರು ಚಾಪೆಯ ಮೇಲೆ ಮುಗ್ಗರಿಸಿ ಬಿದ್ದರು.

"ಏಳಿ ಸಾರ್."

"ಸಾರ್ ಅನ್ನೋದು ಬಿಟ್ರೆ ಏಳ್ತೀನಿ."

"ಹಾಗಾದ್ರೆ ಅಲ್ಲೇ ಬಿದ್ದಿರಿ, ಪ್ರೇಮ್."

ಆ ಹೆಸರು ಬಾಯಿ ತಪ್ಪಿ ಬಂದಿತ್ತು. ಅವಳ ಕಿವಿ ಕೆಂಪಾಯಿತು. ಅವನು ಏಳುವುದನ್ನೇ ಮರೆತ.

ಸುದ್ದಿ ಅಮೃತೇಶನ ಅಂಗಡಿ ತಲುಪಿತು. ಅವನು ಮೊದಲು ವಿಚಾರಿಸಿದ್ದು ಹುಡುಗನ ಜಾತಿ. ತಮ್ಮವನಲ್ಲ, ಬುದ್ಧನ ಪಟಕ್ಕೆ ಕೈಮುಗಿಯುವ ಮನೆಯವನೆಂದು ತಿಳಿದ ಮೇಲೆ ಬೇರೇನನ್ನೂ ಕೇಳಲಿಲ್ಲ.

ಮರುವಾರ ಕ್ಲಾಸ್ ಮುಗಿಸಿ ಇಬ್ಬರೂ ಕಪಿಲಾ ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಬಿಸಿಲು ಏರುತ್ತಿತ್ತು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹಿಂದಿನಿಂದ ಬಂದ ಅಮೃತೇಶ ತಂಗಿಯ ಜಡೆಗೆ ಕೈಹಾಕಿ ಎಬ್ಬಿಸಿದ. ಅಂಗಡಿಯ ಡ್ರೈವರ್ ನಂಜೇಶ್ ಕಬ್ಬಿಣದ ರಾಡು ಹಿಡಿದು ನಿಂತಿದ್ದ.

"ನಡಿಯೇ ಮನೆಗೆ! ಇವನೇನಾ ಸಿಕ್ಕಿದ್ದು ನಿಂಗೆ?"

ಪ್ರೇಮ್‌ಕುಮಾರ್ ತಾನು ಕಲಿಸಿದ್ದನ್ನೆಲ್ಲ ಮರೆತ. ಮುಷ್ಟಿ ಕಟ್ಟಿ ಅಮೃತೇಶನ ಮೂಗಿಗೆ ಗುದ್ದಿದ. ರಕ್ತ ಚಿಮ್ಮಿತು. ಎರಡನೇ ಗುದ್ದಿಗೆ ಕೈ ಎತ್ತುವಷ್ಟರಲ್ಲಿ ನಂಜೇಶನ ರಾಡು ಬಿತ್ತು. ಒಣ ಸೌದೆ ಮುರಿದಂಥ ಸದ್ದು. ಮುಂಗೈ ಜೋತುಬಿತ್ತು. ಕುಸಿದವನ ಪಕ್ಕೆಗೆ ನಂಜೇಶ್ ಒದ್ದ, ಮತ್ತೆ ಒದ್ದ.

"ಬುಡ್ಬ್ಯಾಡ ಕಣ್ಲಾ!" ಎನ್ನುತ್ತಾ ಅಮೃತೇಶ ತಂಗಿಯ ತೋಳು ಹಿಡಿದು ಮೆಟ್ಟಿಲ ಮೇಲಕ್ಕೆ ದರದರ ಎಳೆದ. ಕಲ್ಲಿಗೆ ಉಜ್ಜಿ ಅವಳ ಪಾದ ಸುಲಿಯಿತು. ಹಿಂದೆಲ್ಲ ಅವನು ಎಳೆದಾಗ ಅವಳು ಹೆದರಿ ಹಿಂದಕ್ಕೆ ಜಗ್ಗುತ್ತಿದ್ದಳು. ಅವನು ಅದಕ್ಕೇ ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತಿದ್ದ.

ನಂದಿತಾ ಜಗ್ಗಲಿಲ್ಲ. ಕಾಲು ಊರಿ, ಎಳೆದ ಕಡೆಗೇ ಒಮ್ಮೆಲೇ ನುಗ್ಗಿದಳು. ಜಗ್ಗುವುದಕ್ಕೆ ಎದುರು ಬಲವಿಲ್ಲದೆ ಅಮೃತೇಶ ತತ್ತರಿಸಿದ. ಅವನ ಪಕ್ಕಕ್ಕೆ ಸರಿದು, ಎಳೆಯುತ್ತಿದ್ದ ಅವನ ತೋಳನ್ನೇ ಹಿಡಿದುಕೊಂಡು ಅವಳು ಸೊಂಟ ತಿರುಗಿಸಿದಳು. ದೊಡ್ಡ ದೇಹ ಅವಳ ಸುತ್ತ ಅರ್ಧ ಸುತ್ತು ಬಂದು ಮೆಟ್ಟಿಲುಗಳ ಮೇಲೆ ಉರುಳಿತು. ಭುಜ ಕಲ್ಲಿಗೆ ಅಪ್ಪಳಿಸಿತು. ಅವನು ಅರಚಿದ.

ಬಟ್ಟೆ ಬಿಟ್ಟು ಹೆಂಗಸರು ಓಡಿಬಂದರು. ನಂಜೇಶ್ ರಾಡು ಎಸೆದು ಓಡಿದ.

"ನಂದೂ... ಕೈ ಕೊಡೇ," ಅಮೃತೇಶ ನರಳಿದ.

ನಂದಿತಾ ಮೆಟ್ಟಿಲಿಳಿದು ಅವನ ಪಕ್ಕ ನಿಂತಳು. ಒಂದು ಒದೆ ಒದೆಯಬಹುದಿತ್ತು. ಒದೆಯಲಿಲ್ಲ, ಕೈಯನ್ನೂ ಕೊಡಲಿಲ್ಲ. ಫೋನ್ ತೆಗೆದು ಆಂಬುಲೆನ್ಸಿಗೂ ಪೊಲೀಸರಿಗೂ ಕರೆ ಮಾಡಿದಳು.

ಸಂಜೆ ಆಸ್ಪತ್ರೆಯಲ್ಲಿ ಪ್ರೇಮ್‌ಕುಮಾರನ ಕೈಗೆ ಪ್ಲಾಸ್ಟರ್ ಹಾಕಿದ್ದರು.

"ಮೇಷ್ಟ್ರೇ ಪಾಠ ಮರೆತ್ರಲ್ಲ," ಅಂದಳು. ನಗಲು ಹೋಗಿ ಅತ್ತುಬಿಟ್ಟಳು. "ಯಾಕೆ ಹೊಡೆದ್ರಿ?"

"ನಿಮ್ಮ ಜಡೆಗೆ ಕೈ ಹಾಕಿದ್ದು ನೋಡ್ದೆ. ಆಮೇಲೆ ಏನೂ ನೆನಪಾಗ್ಲಿಲ್ಲ." ಅವನು ಕಿಟಕಿ ನೋಡಲಿಲ್ಲ, ಅವಳನ್ನೇ ನೋಡಿದ. "ನಂಗೆ ನೀವು ಅಂದ್ರೆ ತುಂಬಾ ಇಷ್ಟ, ನಂದಿತಾ. ಪ್ಲಾಸ್ಟರ್ ತೆಗೆದ್ಮೇಲೆ ಹೇಳೋಣ ಅಂತಿದ್ದೆ. ಈಗ ಹೇಳಿದ್ರೆ ಕನಿಕರಕ್ಕೆ ಒಪ್ಕೋತೀರೇನೋ ಅಂತ."

"ಅಲ್ಲೀವರ್ಗೂ ಕಾಯಕ್ಕಾಗಲ್ಲ. ಇವತ್ತಿಂದ ನಂಗೆ ಮನೆ ಇಲ್ಲ."

ಆಗಲೇ ಮಂಗಳಮ್ಮ ವಾರ್ಡಿನ ಬಾಗಿಲಿಗೆ ಬಂದರು. ಮಗ ಮೇಲಿನ ವಾರ್ಡಿನಲ್ಲಿದ್ದ.

"ಕಂಪ್ಲೇಂಟ್ ವಾಪಸ್ ತಗೊಂಡು ಮನೆಗೆ ಬರ್ಬೇಕಂತೆ, ನಿಮ್ಮಣ್ಣ ಕಳ್ಸವ್ನೆ," ಅಂದರು. ಪ್ಲಾಸ್ಟರಿನ ಕೈಯನ್ನು ನೋಡಿದರು, ಮಗಳ ಸುಲಿದ ಪಾದವನ್ನು ನೋಡಿದರು. ದನಿ ಇಳಿಯಿತು. "ಬರ್ಬ್ಯಾಡ ಕಣವ್ವ."

"ಅಮ್ಮಾ, ನೀನು?"

"ಪೊಲೀಸ್ನೋರು ಕೇಳುದ್ರೆ, ನಂಗೂ ಹೊಡ್ದವ್ನೆ ಅಂತ ಹೇಳ್ತೀನಿ." ಹೇಳಿ ಮುಗಿಸಿ, ತಮ್ಮ ಮಾತಿಗೆ ತಾವೇ ಬೆಚ್ಚಿದವರಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ನಂದಿತಾ ಎದ್ದು ಹೋಗಿ ಅಮ್ಮನನ್ನು ಕರೆತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. ಆಮೇಲೆ ಪ್ರೇಮ್‌ಕುಮಾರನ ಕಡೆ ತಿರುಗಿದಳು.

"ನರಸೀಪುರದ ನಿಮ್ಮನೇಲಿ ಇಬ್ರಿಗೆ ಜಾಗ ಇದ್ಯಾ?"