ಸ್ವಪ್ನ ಟೀಚರ್ ಮತ್ತು ಮರಳಿನ ಚೀಲ

"ಟೀಚರ್, ಮೂಗು ಒಡೀತೈತೆ!"

ಒಂಬತ್ತನೇ ತರಗತಿ ಒಟ್ಟಿಗೆ ಕಿರುಚಿತು. ಕೊಂಡ್ಲಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸ್ವಪ್ನ ಗೋಡೆಗೆ ತಲೆ ಆನಿಸಿ ನಿಂತಿದ್ದಳು. ತೊಲೆಗೆ ಕಟ್ಟಿದ್ದ ಮರಳಿನ ಚೀಲವನ್ನು ಮೂಗಿನ ಹತ್ತಿರದಿಂದ ಬಿಟ್ಟಿದ್ದಳು. ಅದೀಗ ಆಚೆ ತುದಿಗೆ ತೂಗಿ ವಾಪಸ್ ಅವಳತ್ತಲೇ ಬರುತ್ತಿತ್ತು!

ನೂಕದೆ ಬಿಟ್ಟ ಚೀಲ ಬಿಟ್ಟ ಎತ್ತರ ದಾಟುವುದಿಲ್ಲ. ಹೆಚ್ಚಿನ ಶಕ್ತಿ ಎಲ್ಲಿಂದ ಬರಬೇಕು? ಮೂಗಿಗೆ ತಾಗದೆಂದು ಅವಳಿಗೆ ಗೊತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ! ಓಡಿ ಬಂದವನೇ ಚೀಲವನ್ನು ತಬ್ಬಿಕೊಂಡ. ಹಗ್ಗ ಕಿತ್ತು, ಚೀಲದ ಸಮೇತ ದೊಪ್ಪನೆ ಬಿದ್ದ. ಮಕ್ಕಳು ಬೆಂಚು ಕುಟ್ಟಿ ನಕ್ಕರು.

"ಯಾರ್ರೀ ನೀವು? ಪಾಠ ಹಾಳು ಮಾಡಿದ್ರಲ್ಲ!"

"ತಿಪ್ಪೇರುದ್ರ... ಮೊಳಕಾಲ್ಮೂರಿಂದ."

ಹೆಸರು ಕೇಳಿದ್ದೇ ಗುರುತು ಸಿಕ್ಕಿತು. ಭಾನುವಾರ ಚಳ್ಳಕೆರೆಯ ಅವಳ ಮನೆಗೆ ಬಂದು ಅವಳನ್ನು ನೋಡಿ ಹೋದ ಗೀತಮ್ಮನ ಮಗ! ಮಗ್ಗದ ಮೇಲೆ ರೇಷ್ಮೆ ಸೀರೆ ಇದೆಯೆಂದು ಅವತ್ತು ಹುಡುಗ ಬಂದಿರಲಿಲ್ಲ. "ಹುಡುಗಿ ಒಪ್ಪಿಗೆ. ಕೆಲಸ ಮಾತ್ರ ಬಿಡಬೇಕು" ಎಂದಿದ್ದರು ಗೀತಮ್ಮ. ಇವತ್ತು ಸಂಜೆ ಉತ್ತರ ಹೇಳಬೇಕು. ಅಪ್ಪನಂತೂ ಹೂಂ ಅನ್ನಲು ತುದಿಗಾಲಲ್ಲಿದ್ದರು. ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

'ಓಹೋ... ಕೆಲಸ ಬಿಡಿಸೋಕೆ ಇವನೇ ಬಂದನಾ!'

ಗಂಟೆ ಹೊಡೆದು ಮಕ್ಕಳು ಊಟಕ್ಕೆ ಓಡಿದ್ದೇ ತಡ, ಚೆಲ್ಲಿದ ಮರಳು ಬಾಚುತ್ತಲೇ ಸಿಡಿದಳು.

"ನಿಮ್ಮವ್ವನಿಗೆ ಹೇಳ್ರಿ. ಈ ಮಕ್ಳನ್ನ ಬಿಟ್ಟು ನಾನು ಬರಲ್ಲ!"

ಅವನೂ ಕುಕ್ಕರಗಾಲಲ್ಲಿ ಕೂತು ಮರಳು ಗೋರತೊಡಗಿದ. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಅವ್ವ ಆ ಮಾತಂದಿದ್ದು ನಿನ್ನೆ ಗೊತ್ತಾಯ್ತು. ತಡೀಲಾರ್ದೆ, ನಿಮ್ಮನ್ನೇ ಕೇಳಣ ಅಂತ ಮಗ್ಗ ಬಿಟ್ಟು ಬಂದೆ. ನಿಮ್ಮ ಪಾಠ ಕೇಳ್ತಾ... ನಂಗೂ ಹಿಂಗೆ ಕಲಿಸೋರು ಸಿಕ್ಕಿದ್ರೆ ಶಾಲೆ ಬಿಡ್ತಿರ್ಲಿಲ್ಲ ಅನ್ನಿಸ್ತು. ಅಷ್ಟ್ರಲ್ಲಿ ಚೀಲ ನಿಮ್ಮ ಮುಖಕ್ಕೇ ಬಂತು. ಜೀವ ಬಾಯಿಗೆ ಬಂತು ಟೀಚರ್!"

'ಛೇ, ನನಗ್ಯಾಕೆ ಅಳು ಬರ್ತಿದೆ...'

"ಇವತ್ತು ಹಿಂಗಂತೀರಿ. ನಾಳೆ ನಿಮ್ಮವ್ವನ ಮುಂದೆ?"

ಅವನು ಅಲ್ಲೇ ಫೋನ್ ಹಚ್ಚಿದ.

"ಅವ್ವ, ಹುಡುಗಿ ಕೆಲ್ಸ ಬಿಡಲ್ಲ. ನಾನು ಹುಡುಗಿನ ಬಿಡಲ್ಲ... ಬೈಕೊಳ್ಳವ್ವ, ಎಷ್ಟಾದ್ರೂ ಬೈಕೋ. ಮಾತು ಇಷ್ಟೇ."

ಸ್ವಪ್ನ ಸೆರಗಿನಿಂದ ಅವನ ಮೊಣಕೈ ಒರೆಸಿದಳು.

"ಉರೀತೈತಾ?"

"ಇಲ್ಲ."

"ಸುಳ್ಳು!... ಊಟ ಆದ್ಮೇಲೆ ಹತ್ತನೇ ಕ್ಲಾಸು ಐತೆ. ಹಿಂದಿನ ಬೆಂಚಲ್ಲಿ ಕೂತ್ಕೊಂತೀರಾ?"

"ಕೂತ್ಕೊಂತೀನಿ. ಆಮೇಲೆ?"

"ಆಮೇಲೆ ಇಬ್ರೂ ಚಳ್ಳಕೆರೆ ಬಸ್ಸು ಹತ್ತಣ. ಅಪ್ಪನ ಮುಂದೆ ಹೂಂ ಅನ್ನೋದು ನಾನೇ."